ಡಿಸ್ಕ್ ತುಂಬಿದೆ ಎಂದರೆ ಏನು ತುಂಬಿದೆ?

ಓದುಗರ ಪ್ರಶ್ನೆಗಳು: ಯುನಿಕ್ಸ್, ಲಿನಕ್ಸ್ ಫೈಲ್ ಸಿಸ್ಟಮ್ ನಿರ್ವಹಣೆ

ಕಮಾಂಡ್‌ಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲೇ ಅಚ್ಚು ಮಾಡಿದ್ದೇವೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿಕೊಳ್ಳಿ. ದೊಡ್ಡಕ್ಷರ ಬೇಕಾದ ಕಡೆ ಹಾಗೆಂದೇ ಹೇಳಿದ್ದೇವೆ, ಉಳಿದದ್ದೆಲ್ಲ ಸಣ್ಣಕ್ಷರ.

ಪ್ರಶ್ನೆ: ನಮ್ಮ ವೆಬ್ ಸರ್ವರ್‌ನ ರೂಟ್ ಪಾರ್ಟಿಷನ್ 100% ತುಂಬಿದೆ ಎಂದು ಡಿಎಫ್ ಕಮಾಂಡ್ ತೋರಿಸುತ್ತಿದೆ. 38 ಜಿಬಿಯ ಲಾಗ್ ಫೈಲ್ ಒಂದನ್ನು ಅಳಿಸಿದೆ. ಆದರೂ ಜಾಗ ಖಾಲಿಯಾಗಲಿಲ್ಲ. ಡಿಯು ಲೆಕ್ಕದಲ್ಲಿ ಅರ್ಧ ಡಿಸ್ಕೂ ತುಂಬಿಲ್ಲ. ಯಾವುದನ್ನು ನಂಬಲಿ?
— ಸಿಸ್ಟಮ್ ಅಡ್ಮಿನ್, ಹುಬ್ಬಳ್ಳಿ

ಎರಡೂ ಸರಿಯಾಗಿಯೇ ಹೇಳುತ್ತಿವೆ, ಆದರೆ ಎಣಿಸುತ್ತಿರುವುದು ಬೇರೆ ಬೇರೆ. ಡಿಯು ಒಂದೊಂದೇ ಡೈರೆಕ್ಟರಿಯನ್ನು ಹೊಕ್ಕು ಹೆಸರಿರುವ ಫೈಲ್‌ಗಳನ್ನು ಕೂಡುತ್ತದೆ. ಡಿಎಫ್ ಕೇಳುವುದು ಫೈಲ್ ಸಿಸ್ಟಮ್ ತಾನೇ ಇಟ್ಟುಕೊಂಡಿರುವ ಬ್ಲಾಕ್‌ಗಳ (ಡಿಸ್ಕ್ ಜಾಗದ ತುಂಡುಗಳ) ಲೆಕ್ಕವನ್ನು. ಆರ್‌ಎಂ ಕಮಾಂಡ್ ಅಳಿಸುವುದು ಹೆಸರನ್ನು ಮಾತ್ರ. ಯಾವುದಾದರೂ ಪ್ರೋಸೆಸ್ ಆ ಫೈಲನ್ನು ತೆರೆದು ಹಿಡಿದಿದ್ದರೆ, ಅದು ಬಿಡುವವರೆಗೂ ಬ್ಲಾಕ್‌ಗಳು ವಾಪಸ್ ಬರುವುದಿಲ್ಲ.

ಹಿಡಿದಿರುವುದು ಯಾರೆಂದು ನೋಡಲು ರೂಟ್ ಆಗಿ ‘ಎಲ್‌ಎಸ್‌ಒಎಫ್ +ಎಲ್1’ ಕೊಡಿ (ಇಲ್ಲಿ ಎಲ್ ದೊಡ್ಡಕ್ಷರ). ಹೆಸರು ಕಳೆದುಕೊಂಡೂ ತೆರೆದೇ ಇರುವ ಫೈಲ್‌ಗಳ ಪಟ್ಟಿ ಬರುತ್ತದೆ. ಪ್ರೋಸೆಸ್‌ನ ಪಿಐಡಿಯನ್ನೂ (ಅದರ ಗುರುತು ಸಂಖ್ಯೆ) ಎಫ್‌ಡಿ ಅಂಕಣದ ಸಂಖ್ಯೆಯನ್ನೂ (ಅದು ತೆರೆದಿರುವ ಫೈಲ್‌ನ ಸಂಖ್ಯೆ) ಬರೆದುಕೊಳ್ಳಿ. ಆ ಸೇವೆಯನ್ನು ರೀಸ್ಟಾರ್ಟ್ ಮಾಡಿದರೆ ಜಾಗ ಕೂಡಲೇ ಬಿಡುಗಡೆಯಾಗುತ್ತದೆ. ಹಗಲು ಹೊತ್ತಿನಲ್ಲಿ ಅದು ಆಗದ ಮಾತಾದರೆ, ಪಿಐಡಿ 1234, ಎಫ್‌ಡಿ 4 ಎಂದಿಟ್ಟುಕೊಂಡು ‘: > /ಪ್ರಾಕ್/1234/ಎಫ್‌ಡಿ/4’ ಎಂದು ಕೊಡಿ. ಫೈಲ್ ಅಲ್ಲೇ ಸೊನ್ನೆಯಾಗುತ್ತದೆ, ಪ್ರೋಸೆಸ್ ನಿಲ್ಲುವುದಿಲ್ಲ. ಆ ಪ್ರೋಗ್ರಾಂ ಲಾಗನ್ನು ಅಪೆಂಡ್ ವಿಧಾನದಲ್ಲಿ ತೆರೆದಿರದಿದ್ದರೆ ಮುಂದಿನ ಸಾಲನ್ನು ಹಳೆಯ 38 ಜಿಬಿಯ ಗುರುತಿನಿಂದಲೇ ಬರೆಯುತ್ತದೆ. ಆಗ ಫೈಲ್‌ನ ಅಳತೆ ಮತ್ತೆ 38 ಜಿಬಿ ಎಂದು ಕಂಡರೂ ನಡುವಿನದು ಪೊಳ್ಳು, ಅದು ಡಿಸ್ಕ್ ತಿನ್ನುವುದಿಲ್ಲ. ಗಾಬರಿ ಬೇಡ.

ಇನ್ನು ಮುಂದೆ, ಹಳೆಯ ಲಾಗ್ ಬದಿಗಿಟ್ಟು ಹೊಸದನ್ನು ಶುರು ಮಾಡುವ ಲಾಗ್‌ರೊಟೇಟ್ ಸೆಟಪ್‌ನಲ್ಲಿ, ಲಾಗ್ ತಿರುಗಿಸಿದ ಮೇಲೆ ಸೇವೆಗೆ ಸಿಗ್ನಲ್ ಕಳಿಸುವ ‘ಪೋಸ್ಟ್‌ರೊಟೇಟ್’ ಸಾಲು ಇದೆಯೇ ನೋಡಿ. ‘ಕಾಪಿಟ್ರಂಕೇಟ್’ ಕೂಡ ನಡೆಯುತ್ತದೆ, ಆದರೆ ನಕಲು ಮಾಡುವುದಕ್ಕೂ ಕತ್ತರಿಸುವುದಕ್ಕೂ ನಡುವೆ ಬಂದ ಕೆಲವು ಸಾಲುಗಳು ಕಳೆದುಹೋಗಬಹುದು.

ಎಲ್‌ಎಸ್‌ಒಎಫ್‌ನಲ್ಲಿ ಏನೂ ಸಿಗದಿದ್ದರೆ ಎರಡನೆಯ ಶಂಕಿತ ಮೌಂಟ್ ಪಾಯಿಂಟ್ (ಬೇರೆ ಡಿಸ್ಕನ್ನು ಜೋಡಿಸುವ ಡೈರೆಕ್ಟರಿ). ಬ್ಯಾಕಪ್ ಡಿಸ್ಕ್ ಮೌಂಟ್ ಆಗದ ದಿನ ಬ್ಯಾಕಪ್ ಸ್ಕ್ರಿಪ್ಟ್ ಓಡಿ, ಎಲ್ಲವನ್ನೂ ರೂಟ್ ಡಿಸ್ಕ್‌ನ ಖಾಲಿ ಡೈರೆಕ್ಟರಿಗೇ ಸುರಿದಿರುತ್ತದೆ. ಆಮೇಲೆ ಡಿಸ್ಕ್ ಅದರ ಮೇಲೆ ಮೌಂಟ್ ಆದರೆ ಕೆಳಗಿನದು ಡಿಯು ಕಣ್ಣಿಗೆ ಬೀಳುವುದಿಲ್ಲ. ‘ಮೌಂಟ್ --ಬೈಂಡ್ / /ಎಂಎನ್‌ಟಿ’ ಕೊಟ್ಟು, /ಎಂಎನ್‌ಟಿ ಒಳಗೆ ಡಿಯು ಓಡಿಸಿ. ಅಡಗಿರುವುದು ಹೊರಬರುತ್ತದೆ.

ಪ್ರಶ್ನೆ: ಡಿಎಫ್ -ಎಚ್ ಪ್ರಕಾರ 40% ಜಾಗ ಖಾಲಿ ಇದೆ. ಆದರೂ ಹೊಸ ಫೈಲ್ ಬರೆಯಲು ಹೋದರೆ ‘ನೋ ಸ್ಪೇಸ್ ಲೆಫ್ಟ್ ಆನ್ ಡಿವೈಸ್’ ಎನ್ನುತ್ತದೆ.
— ಕಾಲೇಜು ಲ್ಯಾಬ್ ಸಹಾಯಕಿ, ಹಾಸನ

‘ಡಿಎಫ್ -ಐ’ ಕೊಟ್ಟು ನೋಡಿ, ಐನೋಡ್ (ಪ್ರತಿ ಫೈಲ್‌ಗೂ ಬೇಕಾದ ದಾಖಲೆ ನಮೂದು) 100% ಆಗಿರುವ ಸಾಧ್ಯತೆಯೇ ಹೆಚ್ಚು. ಗೋದಾಮಿನಲ್ಲಿ ಜಾಗವಿದ್ದರೂ ದಾಖಲೆ ಪುಸ್ತಕದಲ್ಲಿ ಬರೆಯಲು ಸಾಲು ಉಳಿದಿಲ್ಲದ ಸ್ಥಿತಿ ಇದು. ಲಿನಕ್ಸ್‌ನ ಸಾಮಾನ್ಯ ಫೈಲ್ ಸಿಸ್ಟಮ್ ಆದ ಎಕ್ಸ್ಟ್4 ಫಾರ್ಮ್ಯಾಟ್ ಆಗುವಾಗಲೇ, ಸಾಮಾನ್ಯ ಸೆಟ್ಟಿಂಗ್‌ನಲ್ಲಿ, ಪ್ರತಿ 16,384 ಬೈಟ್‌ಗೆ ಒಂದು ಐನೋಡ್ ಎಂದು ನಿಗದಿಯಾಗುತ್ತದೆ. 100 ಜಿಬಿಗೆ ಸುಮಾರು 65 ಲಕ್ಷ. ಒಂದೊಂದು ಕೆಬಿಯ ಸೆಷನ್ ಫೈಲ್‌ಗಳು, ಮೇಲ್ ಸರದಿ, ಕ್ಯಾಶ್ ತುಣುಕುಗಳು ಇದನ್ನು ಬೇಗ ಮುಗಿಸಿಬಿಡುತ್ತವೆ.

ಎಲ್ಲಿ ಗುಂಪುಗೂಡಿವೆ ಎಂದು ತಿಳಿಯಲು: ‘ಡಿಯು --ಐನೋಡ್ಸ್ -ಎಕ್ಸ್ / | ಸಾರ್ಟ್ -ಎನ್ | ಟೇಲ್’. ಡೈರೆಕ್ಟರಿ ಸಿಕ್ಕ ಮೇಲೆ ‘ಆರ್‌ಎಂ *’ ಕೊಟ್ಟರೆ ‘ಆರ್ಗ್ಯುಮೆಂಟ್ ಲಿಸ್ಟ್ ಟೂ ಲಾಂಗ್’ ಎಂದು ನಿಂತುಬಿಡುತ್ತದೆ. ಅದರ ಬದಲು ‘ಫೈಂಡ್ <ಡೈರೆಕ್ಟರಿ> -ಟೈಪ್ ಎಫ್ -ಎಂಟೈಮ್ +7 -ಡಿಲೀಟ್’. ಮೊದಲು -ಡಿಲೀಟ್ ಇಲ್ಲದೆ ಓಡಿಸಿ ಪಟ್ಟಿ ನೋಡಿ. ಆಮೇಲೆ ಅದನ್ನು ಕೊನೆಯಲ್ಲೇ ಸೇರಿಸಿ. ಫೈಂಡ್ ಷರತ್ತುಗಳನ್ನು ಎಡದಿಂದ ಬಲಕ್ಕೆ ಓದುವುದರಿಂದ, -ಡಿಲೀಟ್ ಮೊದಲೇ ಬಂದರೆ ಉಳಿದ ಷರತ್ತುಗಳನ್ನು ನೋಡುವ ಮುಂಚೆಯೇ ಎಲ್ಲವೂ ಹೋಗಿರುತ್ತದೆ.

ಎಕ್ಸ್ಟ್4ನಲ್ಲಿ ಐನೋಡ್ ಸಾಂದ್ರತೆಯನ್ನು ಆಮೇಲೆ ಬದಲಿಸಲಾಗದು. ಪಾರ್ಟಿಷನ್ ಹಿಗ್ಗಿಸಿದರೆ ಅದೇ ಅನುಪಾತದಲ್ಲಿ ಒಂದಿಷ್ಟು ಸೇರುತ್ತದೆ, ಅಷ್ಟೇ. ಸಣ್ಣ ಫೈಲ್‌ಗಳೇ ತುಂಬುವ ಡಿಸ್ಕ್ ಎಂದು ಮೊದಲೇ ಗೊತ್ತಿದ್ದರೆ ಫಾರ್ಮ್ಯಾಟ್ ಮಾಡುವಾಗ ‘-ಐ 4096’ ಕೊಡಿ. ಇಲ್ಲವೇ ಐನೋಡ್‌ಗಳನ್ನು ಬೇಕಾದಾಗ ಹುಟ್ಟಿಸಿಕೊಳ್ಳುವ ಎಕ್ಸ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಮ್ ಆರಿಸಿ.

ಪ್ರಶ್ನೆ: ಸರ್ವರ್ ಇದ್ದಕ್ಕಿದ್ದಂತೆ ರೀಡ್-ಓನ್ಲಿ ಆಗಿದೆ. ತಕ್ಷಣ ಫೈಲ್ ಸಿಸ್ಟಮ್ ರಿಪೇರಿ ಮಾಡುವ ಎಫ್‌ಎಸ್‌ಸಿಕೆ ಓಡಿಸಬಹುದೇ?
— ಸಹಕಾರ ಸಂಘವೊಂದರ ಕಂಪ್ಯೂಟರ್ ವಿಭಾಗ, ಮಂಡ್ಯ

ದಯವಿಟ್ಟು ಬೇಡ. ರೀಡ್-ಓನ್ಲಿ ಆದದ್ದು ನಿಮ್ಮ ಡೇಟಾ ಕಾಪಾಡಲಿಕ್ಕೆ. ಕಾರಣ ತಿಳಿಯದೆ ರಿಪೇರಿಗೆ ಕೈ ಹಾಕಿದರೆ ಉಳಿದದ್ದೂ ಹೋಗಬಹುದು. ಮೌಂಟ್ ಆಗಿರುವ ಫೈಲ್ ಸಿಸ್ಟಮ್ ಮೇಲಂತೂ ಎಫ್‌ಎಸ್‌ಸಿಕೆಯಿಂದ ರಿಪೇರಿ ಮಾಡಿಸಲೇಬಾರದು. ಅದು ಡಿಸ್ಕ್ ಮೇಲೆ ತಿದ್ದಿದ್ದು ಒಂದು, ಕರ್ನೆಲ್ ತನ್ನ ಮೆಮೊರಿಯಲ್ಲಿ ಇಟ್ಟುಕೊಂಡಿದ್ದು ಇನ್ನೊಂದು. ಎರಡರ ತಿಕ್ಕಾಟದಲ್ಲಿ ಸರಿಯಿದ್ದ ಭಾಗವೂ ಕೆಡುತ್ತದೆ.

ಮೊದಲು ಕರ್ನೆಲ್‌ನ ಸಂದೇಶಗಳನ್ನು ತೋರಿಸುವ ‘ಡಿಎಂಇಎಸ್‌ಜಿ’ ಓದಿ. ಅಲ್ಲಿ ‘ಐ/ಒ ಎರರ್, ಡೆವ್ ಎಸ್‌ಡಿಎ, ಸೆಕ್ಟರ್’ ಎಂಬ ಸಾಲುಗಳಿದ್ದರೆ ತೊಂದರೆ ಇರುವುದು ಡಿಸ್ಕ್‌ನಲ್ಲಿ ಅಥವಾ ಕೇಬಲ್‌ನಲ್ಲಿ. ‘ಸ್ಮಾರ್ಟ್‌ಸಿಟಿಎಲ್ -ಎ /ಡೆವ್/ಎಸ್‌ಡಿಎ’ ಕೊಟ್ಟು ಈ ಸಾಲುಗಳ ಕೊನೆಯ ಅಂಕಣ ನೋಡಿ: 5 (ಬದಲಿ ಜಾಗಕ್ಕೆ ಹೋದ ಸೆಕ್ಟರ್‌ಗಳು), 197 (ಓದಲಾಗದೆ ಕಾಯುತ್ತಿರುವವು), 198 (ಓದಲಾಗದೇ ಹೋದವು). ಇವು ಏರುತ್ತಿದ್ದರೆ ಡಿಸ್ಕ್ ಸಾಯುತ್ತಿದೆ. 199 (ಡೇಟಾ ಸಾಗಣೆಯ ತಪ್ಪುಗಳು) ಮಾತ್ರ ಏರುತ್ತಿದ್ದರೆ ಸಾಮಾನ್ಯವಾಗಿ ಸಾಟಾ ಕೇಬಲ್ ದೋಷ. ಕೇಬಲ್ ಬದಲಿಸಿ ನೋಡಿ.

ಡಿಸ್ಕ್ ಸಾಯುತ್ತಿದ್ದರೆ ರಿಪೇರಿಗಿಂತ ಮೊದಲು ನಕಲು. ಮತ್ತೊಂದು ಡಿಸ್ಕ್ ಜೋಡಿಸಿ, ಲೈವ್ ಯುಎಸ್‌ಬಿಯಿಂದ ಬೂಟ್ ಮಾಡಿ, ಡಿಡಿರೆಸ್ಕ್ಯೂ ಬಳಸಿ. ಮೊದಲ ಸುತ್ತು ‘ಡಿಡಿರೆಸ್ಕ್ಯೂ -ಎನ್ /ಡೆವ್/ಎಸ್‌ಡಿಎ2 ನಕಲು.ಐಎಂಜಿ ನಕಲು.ಮ್ಯಾಪ್’. ಸುಲಭವಾಗಿ ಓದಲು ಬರುವುದನ್ನೆಲ್ಲ ಇದು ಬೇಗ ಎತ್ತಿಕೊಳ್ಳುತ್ತದೆ. ಎರಡನೆಯ ಸುತ್ತಿನಲ್ಲಿ -ಎನ್ ಬದಲು ‘-ಡಿ -ಆರ್3’ ಕೊಟ್ಟರೆ ಕೆಟ್ಟ ಸೆಕ್ಟರ್‌ಗಳನ್ನು ಮೂರು ಸಲ ಮತ್ತೆ ಓದಲು ಯತ್ನಿಸುತ್ತದೆ. ಮ್ಯಾಪ್ ಫೈಲ್ ಕೊಡುವುದನ್ನು ಬಿಡಬೇಡಿ. ಕರೆಂಟ್ ಹೋದರೂ ನಿಂತಲ್ಲಿಂದ ಮುಂದುವರಿಯಲು ಅದೇ ಆಧಾರ. ಮುಂದಿನ ರಿಪೇರಿ ಎಲ್ಲ ಈ ನಕಲಿನ ಮೇಲೆ.

ಡಿಸ್ಕ್ ಗಟ್ಟಿಯಾಗಿದೆ, ಕರೆಂಟ್ ಹೋಗಿ ಫೈಲ್ ಸಿಸ್ಟಮ್ ಮಾತ್ರ ಕೆಟ್ಟಿದೆ ಎಂದಾದರೆ ಅನ್‌ಮೌಂಟ್ ಮಾಡಿ ‘ಇ2ಎಫ್‌ಎಸ್‌ಸಿಕೆ -ಎಫ್ -ಎನ್’ ಕೊಡಿ. -ಎನ್ ಇದ್ದರೆ ಏನನ್ನೂ ಬರೆಯುವುದಿಲ್ಲ, ತಪ್ಪುಗಳನ್ನು ತೋರಿಸುತ್ತದೆ ಅಷ್ಟೆ. ಹತ್ತಿಪ್ಪತ್ತು ಸಾಲಾದರೆ -ಎನ್ ತೆಗೆದು ರಿಪೇರಿ ಮಾಡಿ. ಸಾವಿರಾರು ಸಾಲು ಓಡಿದರೆ ನಿಲ್ಲಿಸಿ, ನಕಲು ಮಾಡಿಕೊಂಡೇ ಮುಂದುವರಿಯಿರಿ. ಮುಗಿದಾಗ ಬರುವ ಎಕ್ಸಿಟ್ ಕೋಡ್ 0 ಎಂದರೆ ಸ್ವಚ್ಛ, 1 ಎಂದರೆ ತಿದ್ದಿದೆ, 4 ಎಂದರೆ ತಿದ್ದಲಾಗದ ತಪ್ಪು ಉಳಿದಿದೆ. ಹೆಸರು ಕಳೆದುಕೊಂಡ ಫೈಲ್‌ಗಳು ‘ಲಾಸ್ಟ್+ಫೌಂಡ್’ನಲ್ಲಿ ಐನೋಡ್ ಸಂಖ್ಯೆಯ ಹೆಸರಿನಲ್ಲಿರುತ್ತವೆ. ಯಾವುದು ಪಿಡಿಎಫ್, ಯಾವುದು ಡೇಟಾಬೇಸ್ ಎಂದು ‘ಫೈಲ್’ ಕಮಾಂಡ್ ಹೇಳುತ್ತದೆ.

‘ಬ್ಯಾಡ್ ಮ್ಯಾಜಿಕ್ ನಂಬರ್ ಇನ್ ಸೂಪರ್-ಬ್ಲಾಕ್’ ಎಂದು ಬಂದರೆ ಮೊದಲು ‘ಎಲ್‌ಎಸ್‌ಬಿಎಲ್‌ಕೆ -ಎಫ್’ ನೋಡಿ. ಪಾರ್ಟಿಷನ್ ಕೊಡುವಲ್ಲಿ ಇಡೀ ಡಿಸ್ಕ್ ಹೆಸರು ಕೊಟ್ಟಿರುವುದು, ಅದು ಎಲ್‌ವಿಎಂ (ಡಿಸ್ಕ್ ಜಾಗವನ್ನು ಕೂಡಿಸಿ ವಾಲ್ಯೂಮ್‌ಗಳಾಗಿ ಹಂಚುವ ವ್ಯವಸ್ಥೆ) ಆಗಿರುವುದು ತೀರಾ ಸಾಮಾನ್ಯ. ನಿಜವಾಗಿಯೂ ಸೂಪರ್‌ಬ್ಲಾಕ್ (ಫೈಲ್ ಸಿಸ್ಟಮ್‌ನ ಮೂಲ ವಿವರವಿರುವ ಬ್ಲಾಕ್) ಕೆಟ್ಟಿದ್ದರೆ, 4 ಕೆಬಿ ಬ್ಲಾಕ್‌ನ ಎಕ್ಸ್ಟ್4ನಲ್ಲಿ ಅದರ ಮೊದಲ ಪ್ರತಿ 32768ನೇ ಬ್ಲಾಕ್‌ನಲ್ಲಿರುತ್ತದೆ: ‘ಇ2ಎಫ್‌ಎಸ್‌ಸಿಕೆ -ಬಿ 32768 -ಬಿ 4096’. ಮೊದಲನೆಯ ಬಿ ಸಣ್ಣಕ್ಷರ, ಎರಡನೆಯದು ದೊಡ್ಡಕ್ಷರ.

ಎಕ್ಸ್‌ಎಫ್‌ಎಸ್ ಆದರೆ ಇದ್ಯಾವುದೂ ಅನ್ವಯಿಸದು. ಅದಕ್ಕೆ ಎಫ್‌ಎಸ್‌ಸಿಕೆ ಓಡಿಸಿದರೆ ಏನೂ ಮಾಡದೆ ‘ಸರಿ’ ಎಂದು ಹಿಂತಿರುಗುತ್ತದೆ, ಅದನ್ನು ನಂಬಬೇಡಿ. ಒಮ್ಮೆ ಮೌಂಟ್ ಮಾಡಿ ಅನ್‌ಮೌಂಟ್ ಮಾಡಿದರೆ ಬಾಕಿ ಲಾಗ್ (ಫೈಲ್ ಸಿಸ್ಟಮ್ ಇನ್ನೂ ಜಾರಿ ಮಾಡದ ಬದಲಾವಣೆಗಳ ದಾಖಲೆ) ತಾನೇ ಜಾರಿಯಾಗುತ್ತದೆ. ಆಮೇಲೆ ‘ಎಕ್ಸ್‌ಎಫ್‌ಎಸ್_ರಿಪೇರ್ -ಎನ್’, ಅನಂತರ -ಎನ್ ಇಲ್ಲದೆ. ಇಂಟರ್ನೆಟ್‌ನಲ್ಲಿ ಮೊದಲ ಸಲಹೆಯಾಗಿ ಸಿಗುವ ದೊಡ್ಡಕ್ಷರದ ‘-ಎಲ್’ ಆ ಲಾಗನ್ನೇ ಅಳಿಸಿಹಾಕುತ್ತದೆ. ಮೌಂಟ್ ಆಗುವುದೇ ಇಲ್ಲ ಎಂದು ಖಚಿತವಾದ ಮೇಲೆ, ನಕಲು ಕೈಯಲ್ಲಿದ್ದಾಗ ಮಾತ್ರ ಅದನ್ನು ಬಳಸಿ.

ಪ್ರಶ್ನೆ: ಬೂಟ್ ಆಗುವಾಗ ಮೌಂಟ್ ಮಾಡಬೇಕಾದ ಡಿಸ್ಕ್‌ಗಳ ಪಟ್ಟಿಯಾದ ಎಫ್‌ಎಸ್‌ಟ್ಯಾಬ್‌ನಲ್ಲಿ ಹೊಸ ಡಿಸ್ಕ್ ಸೇರಿಸಿದ ಮೇಲೆ ಯಂತ್ರ ಎಮರ್ಜೆನ್ಸಿ ಮೋಡ್‌ನಲ್ಲೇ ನಿಲ್ಲುತ್ತಿದೆ.
— ವಿದ್ಯಾರ್ಥಿ, ಕಲಬುರಗಿ

ರೂಟ್ ಪಾಸ್‌ವರ್ಡ್ ಕೊಟ್ಟು ಒಳಗೆ ಹೋಗಿ, ‘ಮೌಂಟ್ -ಒ ರೀಮೌಂಟ್,ಆರ್‌ಡಬ್ಲ್ಯು /’ ಕೊಡಿ. ಹೊಸ ಸಾಲಿನ ಮುಂದೆ # ಹಾಕಿ ರೀಬೂಟ್ ಮಾಡಿ. ಉಬುಂಟುವಿನಂತೆ ರೂಟ್ ಖಾತೆಗೆ ಬೀಗವಿದ್ದು ಒಳಗೆ ಹೋಗಲಾಗದಿದ್ದರೆ ಲೈವ್ ಯುಎಸ್‌ಬಿ ಬಳಸಿ. ಸಾಲು ಮತ್ತೆ ಬರೆಯುವಾಗ /ಡೆವ್/ಎಸ್‌ಡಿಬಿ1 ಎಂಬ ಹೆಸರು ಬೇಡ, ಬೂಟ್‌ನಿಂದ ಬೂಟ್‌ಗೆ ಅದು ಬದಲಾಗಬಹುದು. ‘ಬಿಎಲ್‌ಕೆಐಡಿ’ ಕೊಡುವ ಯುಯುಐಡಿ (ಫೈಲ್ ಸಿಸ್ಟಮ್‌ನ ಸ್ಥಿರ ಗುರುತು) ಬಳಸಿ. ಬೂಟ್‌ಗೆ ಅನಿವಾರ್ಯವಲ್ಲದ ಡಿಸ್ಕ್‌ಗೆ ‘ನೋಫೇಲ್’ ಸೇರಿಸಿ. ಉಳಿಸಿದ ಮೇಲೆ ‘ಫೈಂಡ್‌ಎಂಎನ್‌ಟಿ --ವೆರಿಫೈ’ ಮತ್ತು ‘ಮೌಂಟ್ -ಎ’ ಎರಡೂ ತಪ್ಪಿಲ್ಲದೆ ಮುಗಿದರೆ ಮಾತ್ರ ರೀಬೂಟ್.

ಪ್ರಶ್ನೆ: ಎಲ್‌ವಿಎಂ ಮೇಲಿರುವ ಎಕ್ಸ್‌ಎಫ್‌ಎಸ್ /ಹೋಮ್ ಕುಗ್ಗಿಸಿ ರೂಟ್‌ಗೆ ಜಾಗ ಕೊಡಬೇಕು.
— ಓದುಗರು, ಮೈಸೂರು

ಎಕ್ಸ್‌ಎಫ್‌ಎಸ್ ಹಿಗ್ಗುತ್ತದೆ, ಎಕ್ಸ್ಟ್4ನಂತೆ ಕುಗ್ಗಿಸಲು ಬರುವುದಿಲ್ಲ. ‘ಎಲ್‌ವಿರೆಡ್ಯೂಸ್’ ಕೊಟ್ಟರೆ ಕೆಳಗಿನ ನೆಲ ಮಾತ್ರ ಕತ್ತರಿಸಿಹೋಗಿ ಫೈಲ್ ಸಿಸ್ಟಮ್ ನಾಶವಾಗುತ್ತದೆ. ಮೊದಲು ‘ವಿಜಿಎಸ್’ ಕೊಟ್ಟು ವಿಫ್ರೀ ಅಂಕಣ ನೋಡಿ. ಅಲ್ಲೇ ಜಾಗ ಉಳಿದಿದ್ದರೆ /ಹೋಮ್ ಮುಟ್ಟುವುದೇ ಬೇಡ. ಇಲ್ಲದಿದ್ದರೆ /ಹೋಮ್ ಅನ್ನು ‘ಆರ್‌ಸಿಂಕ್ -ಎಎಚ್‌ಎಎಕ್ಸ್’ (ಮೊದಲ ಎ ಮಾತ್ರ ಸಣ್ಣಕ್ಷರ) ಮೂಲಕ ಬೇರೆ ಡಿಸ್ಕ್‌ಗೆ ನಕಲು ಮಾಡಿ, ಪರಿಶೀಲಿಸಿ, ಹಳೆಯ ವಾಲ್ಯೂಮ್ ತೆಗೆದು, ಚಿಕ್ಕದಾಗಿ ಕಟ್ಟಿ, ವಾಪಸ್ ತುಂಬಿ. ಹೊಸ ವಾಲ್ಯೂಮ್‌ನ ಯುಯುಐಡಿ ಬೇರೆ, ಎಫ್‌ಎಸ್‌ಟ್ಯಾಬ್ ತಿದ್ದಲು ಮರೆಯಬೇಡಿ. ಆಮೇಲೆ ರೂಟ್‌ಗೆ ‘ಎಲ್‌ವಿಎಕ್ಸ್‌ಟೆಂಡ್ -ಆರ್ -ಎಲ್ +50ಜಿ’ (ಎಲ್, ಜಿ ದೊಡ್ಡಕ್ಷರ). -ಆರ್ ಇದ್ದರೆ ಫೈಲ್ ಸಿಸ್ಟಮ್ ಕೂಡ ಜೊತೆಗೇ ಹಿಗ್ಗುತ್ತದೆ.

ಪ್ರಶ್ನೆ: ವಿಂಡೋಸ್‌ನಲ್ಲಿರುವ ಕನ್ನಡ ಹೆಸರಿನ ಫೈಲ್‌ಗಳನ್ನು ಲಿನಕ್ಸ್ ಸರ್ವರ್‌ಗೆ ಹಾಕುವಾಗ ಕೆಲವಕ್ಕೆ ‘ಫೈಲ್ ನೇಮ್ ಟೂ ಲಾಂಗ್’ ಬರುತ್ತದೆ. ಮ್ಯಾಕ್‌ನಿಂದ ಬಂದ ಕೆಲವು ಫೈಲ್‌ಗಳು ಒಂದೇ ಹೆಸರಿನಲ್ಲಿ ಎರಡೆರಡು ಕಾಣುತ್ತವೆ.
— ಗ್ರಂಥಾಲಯ ಡಿಜಿಟಲೀಕರಣ ತಂಡ, ಧಾರವಾಡ

ಕನ್ನಡದಲ್ಲಿ ಕಡತ ಇಡುವ ಎಲ್ಲರಿಗೂ ಇದು ಎದುರಾಗುತ್ತದೆ. ನೀವು ಕೇಳಿದ್ದು ಒಳ್ಳೆಯದಾಯಿತು.

ಎಕ್ಸ್ಟ್4, ಎಕ್ಸ್‌ಎಫ್‌ಎಸ್‌ಗಳಲ್ಲಿ ಹೆಸರಿನ ಮಿತಿ 255 ಬೈಟ್. ವಿಂಡೋಸ್‌ನ ಎನ್‌ಟಿಎಫ್‌ಎಸ್‌ನಲ್ಲಿ ಮಿತಿ 255 ಯುಟಿಎಫ್-16 ಘಟಕಗಳು, ಅಲ್ಲಿ ಕನ್ನಡದ ಪ್ರತಿ ಸಂಕೇತವೂ ಒಂದೇ ಘಟಕ. ಯುಟಿಎಫ್-8ರಲ್ಲಿ ಅದೇ ಸಂಕೇತಕ್ಕೆ 3 ಬೈಟ್. ಹಾಗಾಗಿ ಲಿನಕ್ಸ್‌ನಲ್ಲಿ ಸಿಗುವುದು 85 ಸಂಕೇತ ಮಾತ್ರ. ವ್ಯಂಜನ, ಸ್ವರ ಚಿಹ್ನೆ, ಹಲಂತ ಎಲ್ಲವೂ ಬೇರೆ ಬೇರೆ ಎಣಿಕೆ. ‘ರಾಷ್ಟ್ರ’ ಕಣ್ಣಿಗೆ ಎರಡಕ್ಷರ, ಡಿಸ್ಕ್ ಮೇಲೆ 7 ಸಂಕೇತ, 21 ಬೈಟ್. ಅಕ್ಷರಗಳು ಕೂಡಿಕೊಳ್ಳದಂತೆ ತಡೆಯುವ, ಕಣ್ಣಿಗೆ ಕಾಣದ ಝಡ್‌ಡಬ್ಲ್ಯುಎನ್‌ಜೆಗೂ 3 ಬೈಟ್. ಹೆಸರೊಂದು ಎಷ್ಟು ಬೈಟ್ ಎಂದು ತಿಳಿಯಲು ‘ಪ್ರಿಂಟ್‌ಎಫ್ %ಎಸ್ "ಹೆಸರು" | ಡಬ್ಲ್ಯುಸಿ -ಸಿ’ ಕೊಡಿ, 15 ಎಂದು ಬರುತ್ತದೆ. ಪುಸ್ತಕದ ಹೆಸರು, ಲೇಖಕ, ಪ್ರಕಾಶಕ, ವರ್ಷ ಎಲ್ಲವನ್ನೂ ಫೈಲ್ ಹೆಸರಿಗೆ ಸೇರಿಸುವ ಪದ್ಧತಿ ಬಿಟ್ಟು, ಎಕ್ಸ್‌ಟೆನ್ಷನ್ ಸೇರಿ 60 ಸಂಕೇತದೊಳಗೆ ಇರಲಿ ಎಂಬ ನಿಯಮ ಮಾಡಿಕೊಳ್ಳಿ. ಉಳಿದ ವಿವರ ಕ್ಯಾಟಲಾಗ್ ಪಟ್ಟಿಯಲ್ಲಿರಲಿ.

ಜೋಡಿ ಫೈಲ್‌ಗಳ ಕಥೆ ಬೇರೆ. ಯುನಿಕೋಡ್‌ನಲ್ಲಿ ‘ಕೊ’ ಬರೆಯಲು ಎರಡು ದಾರಿ ಇವೆ: ಒತ್ವದ ಒಂದೇ ಚಿಹ್ನೆ, ಇಲ್ಲವೇ ಎತ್ವದ ಚಿಹ್ನೆಯ ಜೊತೆ ಊತ್ವದ ಚಿಹ್ನೆ. ಈ, ಏ, ಐ, ಓ ಸ್ವರ ಚಿಹ್ನೆಗಳೂ ಹೀಗೇ ಒಡೆಯುತ್ತವೆ. ಮ್ಯಾಕ್‌ನ ಹಳೆಯ ಫೈಲ್ ಸಿಸ್ಟಮ್ ಆದ ಎಚ್‌ಎಫ್‌ಎಸ್ ಪ್ಲಸ್ ಹೆಸರುಗಳನ್ನು ಒಡೆದೇ ಇಡುತ್ತದೆ. ಲಿನಕ್ಸ್‌ನ ಫೈಲ್ ಸಿಸ್ಟಮ್‌ಗಳು ಸಾಮಾನ್ಯವಾಗಿ ಹೋಲಿಸುವುದು ಬೈಟ್‌ಗಳನ್ನು, ಆದ್ದರಿಂದ ಅದಕ್ಕೆ ಇವು ಎರಡು ಬೇರೆ ಫೈಲ್‌ಗಳು. ‘ಎಲ್‌ಎಸ್ | ಒಡಿ -ಸಿ’ ಕೊಟ್ಟರೆ ವ್ಯತ್ಯಾಸ ಕಾಣುತ್ತದೆ. ಸರಿಪಡಿಸಲು ‘ಕಾನ್ವ್‌ಎಂವಿ -ಎಫ್ ಯುಟಿಎಫ್8 -ಟಿ ಯುಟಿಎಫ್8 --ಎನ್‌ಎಫ್‌ಸಿ -ಆರ್ <ಡೈರೆಕ್ಟರಿ>’. ಹೀಗೆ ಕೊಟ್ಟರೆ ಏನು ಬದಲಾಗಲಿದೆ ಎಂದು ತೋರಿಸುತ್ತದೆ ಅಷ್ಟೆ, ‘--ನೋಟೆಸ್ಟ್’ ಸೇರಿಸಿದಾಗಲೇ ಬದಲಿಸುವುದು. ಎರಡೂ ರೂಪದ ಫೈಲ್‌ಗಳು ಇರುವ ಕಡೆ ಮೊದಲು ‘ಎಂಡಿ5ಸಮ್’ ಹೋಲಿಸಿ. ಒಳಗಿನದು ಒಂದೇ ಆಗಿದ್ದರೆ ಒಡೆದ ಹೆಸರಿನದನ್ನು ಅಳಿಸಿ, ಬೇರೆಯಾಗಿದ್ದರೆ ಒಂದಕ್ಕೆ ಬೇರೆ ಹೆಸರಿಡಿ. ಮುಂದೆ ಮ್ಯಾಕ್‌ನಿಂದ ಕಳಿಸುವಾಗ 3ನೇ ಆವೃತ್ತಿಯ ಆರ್‌ಸಿಂಕ್‌ನಲ್ಲಿ ‘--ಐಕಾನ್ವ್=ಯುಟಿಎಫ್-8-ಮ್ಯಾಕ್,ಯುಟಿಎಫ್-8’ ಕೊಟ್ಟರೆ ದಾರಿಯಲ್ಲೇ ಸರಿಯಾಗುತ್ತದೆ.

ಹೆಸರುಗಳು ಪ್ರಶ್ನೆ ಚಿಹ್ನೆಗಳಾಗಿ ಅಥವಾ \340\262 ಎಂಬಂಥ ಸಂಖ್ಯೆಗಳಾಗಿ ಕಂಡರೆ ಫೈಲ್ ಕೆಟ್ಟಿಲ್ಲ. ಟರ್ಮಿನಲ್‌ನ ಲೊಕೇಲ್ (ಭಾಷೆ, ಲಿಪಿಯ ಸೆಟ್ಟಿಂಗ್) ‘ಸಿ’ ಆಗಿರುತ್ತದೆ. ಅದನ್ನು ‘ಸಿ.ಯುಟಿಎಫ್-8’ ಮಾಡಿ (ಇಲ್ಲಿ ಎಲ್ಲವೂ ದೊಡ್ಡಕ್ಷರ). ಆ ಸ್ಥಿತಿಯಲ್ಲಿ ಮರುಹೆಸರಿಡಲು ಮಾತ್ರ ಹೋಗಬೇಡಿ.

ಪ್ರಶ್ನೆ: 4 ಟಿಬಿಯ ಹೊಸ ಬ್ಯಾಕಪ್ ಡಿಸ್ಕ್‌ಗೆ ಎಕ್ಸ್ಟ್4 ಹಾಕಿದೆ. ಏನೂ ತುಂಬುವ ಮೊದಲೇ 200 ಜಿಬಿ ಕಾಣೆ.
— ಓದುಗರು, ಉಡುಪಿ

ಅದು ರೂಟ್ ಬಳಕೆದಾರನಿಗೆಂದು ಎತ್ತಿಟ್ಟ 5%. ಡಿಸ್ಕ್ ಪೂರ್ತಿ ತುಂಬಿದರೂ ಲಾಗ್ ಬರೆಯುವ ಸೇವೆಗಳು ನಿಲ್ಲದಿರಲಿ, ಬ್ಲಾಕ್‌ಗಳು ಚೂರುಚೂರಾಗದಿರಲಿ ಎಂಬುದು ಉದ್ದೇಶ. ಫ್ರೀಬಿಎಸ್‌ಡಿಯ ಯುಎಫ್‌ಎಸ್ ಇದೇ ಕಾರಣಕ್ಕೆ 8% ಇಡುತ್ತದೆ. ರೂಟ್ ಪಾರ್ಟಿಷನ್‌ನಲ್ಲಿ ಇದು ಹಾಗೇ ಇರಲಿ. ಬರೀ ಬ್ಯಾಕಪ್ ಡಿಸ್ಕ್‌ಗೆ ‘ಟ್ಯೂನ್2ಎಫ್‌ಎಸ್ -ಎಂ 1 /ಡೆವ್/ಎಸ್‌ಡಿಬಿ1’ ಸಾಕು. 160 ಜಿಬಿ ವಾಪಸ್ ಬರುತ್ತದೆ, ಅನ್‌ಮೌಂಟ್ ಮಾಡಬೇಕಿಲ್ಲ. ಡಿಎಫ್ -ಎಚ್‌ನಲ್ಲಿ ಒಟ್ಟು ಅಳತೆಯೇ 3.6 ಅಥವಾ 3.7 ಎಂದು ಕಾಣುವುದು ಬೇರೆ ವಿಷಯ. ಅದು 1024ರ ಲೆಕ್ಕ, ಡಬ್ಬಿಯ ಮೇಲಿನದು 1000ದ ಲೆಕ್ಕ. ದೊಡ್ಡಕ್ಷರದ -ಎಚ್ ಕೊಟ್ಟರೆ ಡಬ್ಬಿಯ ಲೆಕ್ಕಕ್ಕೆ ಹತ್ತಿರ ಬರುತ್ತದೆ.