ತೊಡೆಸಂದು ಹಿಡಿದಿದೆ, ಪಂದ್ಯ ಹತ್ತಿರ ಬಂದಿದೆ

ಪ್ರಶ್ನೆ: ಮೇಡಂ, ನಮಸ್ಕಾರ. ನನಗೆ 23 ವರ್ಷ, ನಮ್ಮೂರ ಕಬಡ್ಡಿ ತಂಡದಲ್ಲಿ ರೈಡರ್. ಮೂರು ವಾರದ ಹಿಂದೆ ಹೊನಲು ಬೆಳಕಿನ ಪಂದ್ಯದಲ್ಲಿ ಬೋನಸ್‌ಗೆ ಅಂತ ಬಲಗಾಲು ಚಾಚಿದಾಗ ತೊಡೆಸಂದಿನಲ್ಲಿ ಚಟ್ ಅಂತು. ಮನೆಯಲ್ಲಿ ಬಿಸಿ ಶಾಖ ಕೊಟ್ಟರು, ಉಳುಕು ತೆಗೆಯುವವರು ಎಣ್ಣೆ ಹಾಕಿ ಚೆನ್ನಾಗಿ ನೀವಿದರು. ಎರಡು ದಿನಕ್ಕೆ ತೊಡೆಯ ಒಳಭಾಗ ನೀಲಿಗಟ್ಟಿತು. ಹತ್ತು ದಿನ ಸುಮ್ನೆ ಮಲಗಿದ ಮೇಲೆ ನೋವು ಹೋಯಿತು. ಆದರೆ ಪ್ರಾಕ್ಟೀಸ್‌ಗೆ ಇಳಿದ ಎರಡನೇ ದಿನವೇ ಅದೇ ಜಾಗ ಮತ್ತೆ ಹಿಡಿಯಿತು. ನರ ಎಳೆದಿದೆ ಅಂತಾರೆ. ಇನ್ನು 12 ದಿನಕ್ಕೆ ಪಂದ್ಯಾವಳಿ ಇದೆ. ಇಂಜೆಕ್ಷನ್ ತಗೊಂಡು ಆಡಬಹುದಾ? ಜಾಗ ಅಂಥದ್ದು, ಯಾರಿಗೂ ಸರಿಯಾಗಿ ಹೇಳಿಕೊಂಡಿಲ್ಲ.
– ಹೆಸರು ಬೇಡ, ಮಂಡ್ಯ ಜಿಲ್ಲೆ

ಉತ್ತರ: ಮೊದಲು ಕೊನೆಯ ಮಾತಿಗೆ ಬರುತ್ತೇನೆ. ತೊಡೆಸಂದು ಕೂಡ ಮೊಣಕಾಲು, ಭುಜದ ಹಾಗೆ ಮೈಯ ಒಂದು ಭಾಗ. ನಾಚಿಕೊಂಡು ಸುಮ್ಮನಿರುವುದರಿಂದಲೇ ಎಷ್ಟೋ ಹುಡುಗರ ನೋವು ವಾರದಲ್ಲಿ ಹೋಗಬೇಕಾದದ್ದು ವರ್ಷಗಟ್ಟಲೆ ಉಳಿದುಬಿಡುತ್ತದೆ. ನೀವು ಬರೆದದ್ದು ಒಳ್ಳೆಯದಾಯಿತು.

ನೀವು ಬರೆದಿರುವುದನ್ನು ನೋಡಿದರೆ ಇದು ನರ ಅಲ್ಲ, ಮಾಂಸಖಂಡ. ತೊಡೆಯನ್ನು ಒಳಕ್ಕೆ ಎಳೆಯುವ ಮಾಂಸಖಂಡಗಳಿಗೆ ಅಡಕ್ಟರ್ ಅನ್ನುತ್ತಾರೆ. ಬೋನಸ್ ಗೆರೆ ದಾಟಿಸಲು ಒಂದು ಕಾಲನ್ನು ಪೂರ್ತಿ ಚಾಚಿ, ಇನ್ನೊಂದು ಕಾಲನ್ನು ಗಾಳಿಯಲ್ಲಿ ಎತ್ತಿ, ಅದೇ ಕ್ಷಣ ಹಿಂದಕ್ಕೆ ಎಳೆದುಕೊಳ್ಳುತ್ತೀರಿ ಅಲ್ವಾ? ಆಗ ಆ ಮಾಂಸಖಂಡ ಉದ್ದಕ್ಕೆ ಎಳೆದಿರುವಾಗಲೇ ಜೋರಾಗಿ ಬಿಗಿಯಬೇಕಾಗುತ್ತದೆ. ಎಳೆಗಳು ಹರಿಯುವುದು ಅಲ್ಲೇ. ನೀಲಿಗಟ್ಟಿದ್ದು ಒಳಗೆ ಸುರಿದ ರಕ್ತ. ಹೊಸ ಗಾಯದ ಮೇಲೆ ಶಾಖ ಕೊಟ್ಟು ನೀವಿದರೆ ಅದು ಇನ್ನೂ ಜಾಸ್ತಿಯಾಗಬಹುದು. ಮನೆಯವರು ಪ್ರೀತಿಯಿಂದಲೇ ಮಾಡಿದ್ದು, ಅವರನ್ನು ಬೈಯಬೇಡಿ, ಆದರೆ ಮುಂದೆ ಬೇಡ.

ಒಂದು ಸಣ್ಣ ಪರೀಕ್ಷೆ ಮಾಡಿ ನೋಡಿ. ಅಂಗಾತ ಮಲಗಿ ಮೊಣಕಾಲು ಮಡಿಸಿ, ಎರಡು ಮಂಡಿಗಳ ನಡುವೆ ಯಾರಾದರೂ ಮುಷ್ಟಿ ಇಡಲಿ, ಅದನ್ನು ನಿಧಾನವಾಗಿ ಹಿಸುಕಿ. ಆಮೇಲೆ ಮಂಡಿಯನ್ನು ಹೊರಗೆ ವಾಲಿಸಿ ತೊಡೆಯ ಬುಡದಲ್ಲಿ ಬೆರಳಾಡಿಸಿದರೆ ಹಗ್ಗದ ಹಾಗೆ ಬಿಗಿದ ಒಂದು ಹುರಿ ಸಿಗುತ್ತದೆ. ಹಿಸುಕುವಾಗ ಅದೇ ಜಾಗ ನೋಯ್ದರೆ, ಮುಟ್ಟಿದರೂ ಅಲ್ಲೇ ಚುಚ್ಚಿದರೆ, ಬೈಕ್ ಹತ್ತಲು ಕಾಲೆತ್ತುವಾಗ, ಚಕ್ಕಳಮಕ್ಕಳ ಹಾಕಿ ಕೂತು ಏಳುವಾಗ ಹಿಡಿದರೆ, ಬಹುಮಟ್ಟಿಗೆ ಇದೇ ತೊಂದರೆ.

ಕೆಮ್ಮಿದಾಗ ತೊಡೆಸಂದಿನಲ್ಲಿ ಉಬ್ಬು ಕಂಡರೆ ಅದು ಹರ್ನಿಯಾ ಇರಬಹುದು. ಪಕ್ಕೆಯಿಂದ ಇಳಿದು ಬರುವ ನೋವು ಕಿಡ್ನಿ ಕಲ್ಲಿನದ್ದಿರಬಹುದು. ವೃಷಣದಲ್ಲೇ ಇದ್ದಕ್ಕಿದ್ದಂತೆ ತಡೆಯಲಾರದ ನೋವು ಬಂದು ವಾಂತಿಯಾದರೆ ಮಾತ್ರ ಬೆಳಗಾಗಲಿ ಅಂತ ಕಾಯಬೇಡಿ. ವೃಷಣ ತಿರುಚಿಕೊಂಡಿದ್ದರೆ ಅದನ್ನು ಉಳಿಸಿಕೊಳ್ಳಲು ಸುಮಾರು ಆರು ಗಂಟೆಯಷ್ಟೇ ಸಮಯ.

ಹೊಸದಾಗಿ ನೋವಾದಾಗ ಮೊದಲ ಎರಡು ಮೂರು ದಿನ ಐಸನ್ನು ಬಟ್ಟೆಯಲ್ಲಿ ಸುತ್ತಿ 15 ನಿಮಿಷ, ದಿನಕ್ಕೆ ಮೂರು ನಾಲ್ಕು ಸಲ ಇಡಿ, ಕ್ರೇಪ್ ಬ್ಯಾಂಡೇಜ್ ಕಟ್ಟಿ. ನೋವಾಗದಷ್ಟು ನಡೆಯಬಹುದು. ಕಾಲು ಅಗಲಿಸಿ ಎಳೆಯುವ ಸ್ಟ್ರೆಚಿಂಗ್ ಆಗ ಬೇಡವೇ ಬೇಡ. ನಿಮಗೆ ಆ ಹಂತ ದಾಟಿದೆ.

ನಿಮ್ಮ ತಪ್ಪು ಬೇರೆ ಕಡೆ ಇದೆ. ಮಲಗಿದ್ದರಿಂದ ನೋವು ಹೋಯಿತು, ಬಲ ಬರಲಿಲ್ಲ. ನೋವಿಲ್ಲ ಅಂದರೆ ವಾಸಿಯಾಯಿತು ಅಂತ ಅಲ್ಲ, ಇದನ್ನು ನಾನು ಹುಡುಗರಿಗೆ ಎಷ್ಟು ಸಲ ಹೇಳಿದರೂ ಸಾಲದು. ಡೆನ್ಮಾರ್ಕ್‌ನ ಒಂದು ಅಧ್ಯಯನ 1999ರಲ್ಲಿ ಪ್ರಕಟವಾಯಿತು. ತೊಡೆಸಂದಿನ ಹಳೇ ನೋವಿದ್ದ ಆಟಗಾರರಲ್ಲಿ ಒಂದು ಗುಂಪಿಗೆ ಲೇಸರ್, ಮಸಾಜ್, ಸ್ಟ್ರೆಚಿಂಗ್ ಕೊಟ್ಟರು, ಇನ್ನೊಂದು ಗುಂಪಿಗೆ ಬಲ ಬರುವ ವ್ಯಾಯಾಮ ಮಾಡಿಸಿದರು. ವ್ಯಾಯಾಮ ಮಾಡಿದ 29 ಜನರಲ್ಲಿ 23 ಜನ ನೋವಿಲ್ಲದೆ ಮೊದಲಿನ ಮಟ್ಟಕ್ಕೇ ಮರಳಿದರು. ಇನ್ನೊಂದು ಗುಂಪಿನ 30ರಲ್ಲಿ ಬರೀ ನಾಲ್ವರು.

ಹಾಗಾಗಿ ಇವತ್ತಿನಿಂದ ಹೀಗೆ ಮಾಡಿ. ಮಂಡಿಗಳ ನಡುವೆ ದಿಂಬು ಇಟ್ಟು ಹಿಸುಕಿ 10 ಸೆಕೆಂಡ್ ಹಿಡಿಯಿರಿ, ಹತ್ತು ಸಲ. ನೋವಿಗೆ ಹತ್ತಕ್ಕೆ ಅಂಕ ಕೊಟ್ಟರೆ ಎರಡು ಮೂರರ ಒಳಗೇ ಇರಬೇಕು, ಮಾರನೇ ಬೆಳಿಗ್ಗೆ ಜಾಸ್ತಿಯಾಗಿರಬಾರದು. ಅದು ಸಲೀಸಾದ ಮೇಲೆ ಮಗ್ಗುಲಾಗಿ ಮಲಗಿ ಕೆಳಗಿನ ಕಾಲನ್ನು ಮೇಲಕ್ಕೆತ್ತುವುದು, ಆಮೇಲೆ ರಬ್ಬರ್ ಬ್ಯಾಂಡ್ ಕಟ್ಟಿ ಕಾಲನ್ನು ಒಳಕ್ಕೆ ಎಳೆಯುವುದು. ಕೊನೆಗೆ ಕೋಪನ್‌ಹೇಗನ್ ವ್ಯಾಯಾಮ: ಮಗ್ಗುಲಾಗಿ ಮೊಣಕೈ ಊರಿ, ಮೇಲಿನ ಕಾಲನ್ನು ಗೆಳೆಯ ಹಿಡಿದಿರುತ್ತಾನೆ, ನೀವು ಆ ಕಾಲಿನ ಬಲದಲ್ಲೇ ಸೊಂಟ ಎತ್ತಿ, ಕೆಳಗಿನ ಕಾಲನ್ನು ಮೇಲಿನದಕ್ಕೆ ತಾಗಿಸಬೇಕು. ಮೊದಲ ದಿನ ಐದು ಸಲ ಮಾಡಿದರೂ ತೊಡೆ ನಡುಗುತ್ತದೆ. ಓಟವೂ ಹಾಗೆಯೇ, ಮೊದಲು ನೇರಕ್ಕೆ, ಆಮೇಲೆ ಅಡ್ಡಕ್ಕೆ, ಆಮೇಲೆ ತಿರುವು. ರೈಡ್ ಕಟ್ಟಕಡೆಗೆ. ಹತ್ತಿರದಲ್ಲಿ ಫಿಸಿಯೋಥೆರಪಿಸ್ಟ್ ಇದ್ದರೆ ಒಮ್ಮೆ ತೋರಿಸಿ ಶುರುಮಾಡಿ.

ಸಣ್ಣ ಗಾಯ ಒಂದರಿಂದ ಮೂರು ವಾರದಲ್ಲಿ ಸರಿಹೋಗುತ್ತದೆ. ನಿಮ್ಮ ಹಾಗೆ ನೀಲಿಗಟ್ಟಿದ್ದು, ಅದೂ ಎರಡನೇ ಸಲ ಹಿಡಿದದ್ದು, ನಾಲ್ಕರಿಂದ ಎಂಟು ವಾರ ಕೇಳಬಹುದು. ಪೂರ್ತಿ ಹರಿದಿದ್ದರೆ ಮೂರು ತಿಂಗಳೂ ಆಗುತ್ತದೆ. ಚಟ್ ಅಂದ ಜಾಗದಲ್ಲಿ ಗುಳಿ ಇದ್ದರೆ, ನಡೆಯಲು ಕಷ್ಟವಿದ್ದರೆ ಮೂಳೆ ಡಾಕ್ಟರಿಗೆ ತೋರಿಸಿ ಸ್ಕ್ಯಾನ್ ಮಾಡಿಸಿ. ಇಂಜೆಕ್ಷನ್ ಹಾಕಿಸಿಕೊಂಡು ಆಡಬೇಡಿ. ಅದು ನೋವನ್ನು ಮುಚ್ಚುತ್ತದೆ, ಹರಿದ ಎಳೆ ಹಾಗೇ ಇರುತ್ತದೆ. ಈ ಪಂದ್ಯಾವಳಿ ಬಿಡಿ. ಬೇಜಾರಾಗುತ್ತದೆ, ಗೊತ್ತು. ಬಲವಾಗಿ ಹಿಸುಕಿದರೂ ನೋವಿಲ್ಲ, ಎರಡೂ ಕಾಲು ಒಂದೇ ಸಮ ಅನ್ನಿಸಿದ ದಿನ ಅಂಕಣಕ್ಕೆ ಇಳಿಯಿರಿ.

ಪ್ರಶ್ನೆ: ನಮ್ಮ ಅಮ್ಮನಿಗೆ 68 ವರ್ಷ. ನಾಲ್ಕು ದಿನದ ಹಿಂದೆ ಬಚ್ಚಲಲ್ಲಿ ಜಾರಿ ಬಿದ್ದರು. ಕುಂಟುತ್ತಾ ಓಡಾಡುತ್ತಾರೆ, ತೊಡೆಸಂದು ನೋವು ಅಂತಾರೆ. ಉಳುಕು ಅಂತ ಮುಲಾಮು ಹಚ್ಚುತ್ತಿದ್ದೇವೆ. ಸಾಕಾ?
– ಓದುಗರು, ಶಿವಮೊಗ್ಗ

ಉತ್ತರ: ಸಾಲದು. ಈ ವಯಸ್ಸಿನಲ್ಲಿ ಬಿದ್ದ ಮೇಲೆ ತೊಡೆಸಂದು ನೋಯುತ್ತಿದ್ದರೆ ತೊಡೆಮೂಳೆಯ ಕತ್ತಿನ ಹತ್ತಿರ ಬಿರುಕು ಬಿಟ್ಟಿದೆಯಾ ಅಂತಲೇ ಮೊದಲು ನೋಡಬೇಕು. ಬಿರುಕು ಸಣ್ಣದಿದ್ದರೆ ಕೆಲವರು ಕುಂಟುತ್ತಾ ನಡೆಯುತ್ತಾರೆ, ಅದಕ್ಕೇ ಮನೆಯವರು ಮೋಸ ಹೋಗುವುದು. ಇವತ್ತೇ ಎಕ್ಸ್‌ರೇ ಮಾಡಿಸಿ, ಅಲ್ಲಿಯವರೆಗೆ ಆ ಕಾಲಿನ ಮೇಲೆ ಭಾರ ಹಾಕಿಸಬೇಡಿ. ಎಕ್ಸ್‌ರೇ ಸರಿಯಾಗಿದೆ ಅಂದರೂ ನೋವು ಹಾಗೇ ಇದ್ದರೆ ಎಂಆರ್‌ಐ ಬೇಕಾ ಅಂತ ಡಾಕ್ಟರನ್ನು ನೀವೇ ಬಾಯಿಬಿಟ್ಟು ಕೇಳಿ.