ನಮ್ಮ ಮನೆಯ ಎರಡು ಚಿಂಚಿಲಾಗಳು (ದಟ್ಟ ತುಪ್ಪಳದ, ಇಲಿ ಜಾತಿಯ ಸಾಕುಪ್ರಾಣಿ) ಒಂದೇ ಕೇಜ್‌ನಲ್ಲಿ ಕಚ್ಚಾಡುತ್ತಿವೆ. ಹೊಂದಿಕೊಳ್ಳೋಕೆ ಎಷ್ಟು ದಿನ ಬೇಕು?

ಮೊದಲು ಎದ್ದು ಹೋಗಿ ಅವೆರಡನ್ನೂ ಬೇರೆ ಮಾಡಿ ಬನ್ನಿ. ಎರಡನೇ ಕೇಜ್ ಇಲ್ಲದಿದ್ದರೆ ಇವತ್ತಿನ ಮಟ್ಟಿಗೆ ಬೆಕ್ಕಿನ ಕ್ಯಾರಿಯರ್ ಆದರೂ ಸಾಕು. ಒಳಗೆ ಎರಡು ಹಿಡಿ ಹುಲ್ಲು, ಒಂದು ನೀರಿನ ಬಾಟಲಿ. ಮಿಕ್ಕಿದ್ದು ಆಮೇಲೆ ಓದಿ.

"ಮೂರು ದಿನದಿಂದ ಕೇಜ್ ತುಂಬ ಕೂದಲಿನ ಉಂಡೆ, ಆದರೆ ರಕ್ತ ಕಾಣಲಿಲ್ಲ, ಅವೇ ಸರಿಹೋಗ್ತಾವೆ ಅಂತ ಬಿಟ್ಟಿದ್ದೀನಿ" ಅಂದಿದ್ದೀರಿ. ರಕ್ತ ಕಾಣೋದಿಲ್ಲ ಕಣ್ರೀ. ಚರ್ಮದ ಒಂದೊಂದು ರಂಧ್ರದಿಂದ ಐವತ್ತು ಅರವತ್ತು ಕೂದಲು ಹುಟ್ಟೋ ಪ್ರಾಣಿ ಅದು. ಆ ತುಪ್ಪಳದ ಅಡಿಯಲ್ಲಿ ಹಲ್ಲು ನೆಟ್ಟ ಗಾಯ ಎರಡು ದಿನ ಮುಚ್ಚಿಕೊಂಡೇ ಇರುತ್ತೆ. ಇನ್ನು ಆ ಕೂದಲಿನ ಉಂಡೆ ಇದೆಯಲ್ಲ, ಹಿಡಿದವರ ಬಾಯಿಗೆ ಒಂದು ಹಿಡಿ ಕೂದಲು ಬಿಟ್ಟುಕೊಟ್ಟು ಓಡೋದು ಅವು ನರಿ, ಗೂಬೆಗಳಿಂದ ತಪ್ಪಿಸಿಕೊಳ್ಳೋಕೆ ಕಲಿತ ವಿದ್ಯೆ. ಅಂದರೆ ಒಂದರ ಬಾಯಿಗೆ ಇನ್ನೊಂದು ಆಗಲೇ ಸಿಕ್ಕಿದೆ.

ನಾನೂ ಹೀಗೇ ಬಿಟ್ಟಿದ್ದೆ. ಮೂರು ದಿನ ಕೂಡ ಅಲ್ಲ, ಒಂದೇ ರಾತ್ರಿ.

ನಾವಿರೋದು ಡೆನ್ವರ್ ಹತ್ತಿರ. ನಾಲ್ಕು ವರ್ಷದ ಹಿಂದೆ ನಮ್ಮಲ್ಲಿದ್ದದ್ದು ಒಂದೇ ಗಂಡು, ರಾಗಿ. ರಾಗಿ ಹಿಟ್ಟಿನ ಬಣ್ಣ, ಅದಕ್ಕೇ ಆ ಹೆಸರು. ತೀರ್ಥಹಳ್ಳಿಯಲ್ಲಿರೋ ಅಮ್ಮನಿಗೆ ವಿಡಿಯೋ ಕಾಲ್‌ನಲ್ಲಿ ತೋರಿಸಿದಾಗ "ಇಲಿ ಸಾಕೋಕೆ ಅಮೆರಿಕಕ್ಕೆ ಹೋಗಬೇಕಿತ್ತೇನೇ?" ಅಂದಿದ್ದರು. ನಿಮ್ಮದು ಹಗಲೆಲ್ಲ ಸಪ್ಪಗಿರುತ್ತಿತ್ತು ಅಂತ ಬರೆದಿದ್ದೀರಲ್ಲ, ನಮ್ಮದೂ ಹಾಗೇ ಮೂಲೆ ಹಿಡಿದು ಕೂತಿರೋದು. ಪಾಪ, ಒಂಟಿ, ಜೊತೆ ಬೇಕು ಅಂತ ನನಗೆ ನಾನೇ ಅಂದುಕೊಂಡೆ. ಸಂಜೆಯಿಂದ ಬೆಳಗಿನ ಜಾವದವರೆಗೆ ಕುಣಿಯೋ ಪ್ರಾಣಿ ಹಗಲಲ್ಲಿ ಮೂಲೆಯಲ್ಲಿ ಕೂತಿದ್ದರೆ ಅದು ನಿದ್ದೆ ಮಾಡ್ತಿದೆ ಅಂತ ಅರ್ಥ. ಅದಕ್ಕೆ ದುಃಖ ಅಂತ ಹೆಸರಿಟ್ಟವಳು ನಾನು. ಆಗ ಇವರು ವಾರಕ್ಕೆ ನಾಲ್ಕು ದಿನ ಕೆಲಸದ ಮೇಲೆ ಊರೂರು ಸುತ್ತುತ್ತಿದ್ದರು. ಒಂಟಿ ಯಾರು ಅಂತ ಈಗ ಗೊತ್ತಾಗುತ್ತೆ.

ಊರು ಬಿಟ್ಟು ಹೋಗ್ತಿದ್ದ ಒಂದು ಕುಟುಂಬದವರು ತಮ್ಮ ಎಂಟು ತಿಂಗಳ ಗಂಡನ್ನು ಕೊಟ್ಟುಬಿಡ್ತೀವಿ ಅಂದರು. ಬೆಲ್ಲದ ಬಣ್ಣ, ಬೆಲ್ಲ ಅಂತಲೇ ಕರೆದೆವು. ಬಂದ ದಿನ ಅಡುಗೆಮನೆ ತಕ್ಕಡಿಯಲ್ಲಿ 548 ಗ್ರಾಂ.

ಮೂರೋ ನಾಲ್ಕೋ ದಿನ ಬೇರೆ ಇಟ್ಟೆ. ಒಂದು ಭಾನುವಾರ ರಾಗಿಯ ಕೇಜನ್ನು ವಿನೆಗರ್ ಹಾಕಿ ತೊಳೆದೆ. ತಟ್ಟೆ, ಸರಳು, ಹುಲ್ಲಿನ ಬುಟ್ಟಿ, ಕೆಳಗಿನ ಫ್ಲೀಸ್ ಬಟ್ಟೆ, ಎಲ್ಲ. "ವಾಸನೆ ಹೋದರೆ ಜಾಗ ಯಾರದೂ ಅಲ್ಲ, ಜಗಳ ಇಲ್ಲ" ಅಂತ ಯಾರೋ ಹೇಳಿದ್ದರು. ಒಂದೇ ಒಂದು ವಸ್ತು ತೊಳೆಯಲಿಲ್ಲ, ಮರದ ಮನೆ. ನಮ್ಮನೆಯವರು ಪೈನ್ ಹಲಗೆ ಕೊಯ್ದು ಕೈಯಾರೆ ಮಾಡಿದ್ದು. ನೆನೆಸಿದರೆ ಒಣಗೋಕೆ ಎರಡು ದಿನ, ಹಸಿ ಮರ ಇಟ್ಟರೆ ಬೂಸ್ಟು ಹಿಡಿಯುತ್ತೆ ಅಂತ ಬಟ್ಟೆಯಲ್ಲಿ ಒರೆಸಿ ಹಾಗೇ ಇಟ್ಟೆ. ಆ ಮನೆಗೆ ಬಾಗಿಲು ಒಂದೇ.

ಈ ಒಂದು ಬಾಗಿಲಿನ ವಿಷಯ ಸ್ವಲ್ಪ ಉದ್ದ ಆಗುತ್ತೆ, ಸಹಿಸಿಕೊಳ್ಳಿ. ಇಡೀ ಕೇಜ್‌ನಲ್ಲಿ ರಾಗಿಯ ವಾಸನೆ ಉಳಿದಿದ್ದದ್ದು ಅಲ್ಲೊಂದೇ ಕಡೆ. ಎರಡು ವರ್ಷ ಅದು ಮಲಗಿ, ಉಚ್ಚೆ ಹೊಯ್ದು, ಅಂಚು ಕಡಿದು ತನ್ನದು ಮಾಡಿಕೊಂಡಿದ್ದ ಜಾಗ. ಮಿಕ್ಕೆಲ್ಲ ತೊಳೆದು ಅದೊಂದನ್ನು ಬಿಟ್ಟಿದ್ದರಿಂದ ಜಗಳಕ್ಕೆ ಜಾಗ ನಾನೇ ಗುರುತು ಹಾಕಿಕೊಟ್ಟ ಹಾಗಾಯ್ತು. ಬೆಲ್ಲನಿಗೆ ಅದು ಹೊಸ ಜಾಗ. ಹೆದರಿದ ಚಿಂಚಿಲಾ ಎಲ್ಲಿಗೆ ಓಡುತ್ತೆ? ಕತ್ತಲಿರೋ ಗೂಡಿಗೆ. ಆ ಕೇಜ್‌ನಲ್ಲಿ ಇದ್ದ ಕತ್ತಲ ಗೂಡು ಅದೊಂದೇ. ಒಳಗೆ ಹೋಯ್ತು, ಹಿಂದೆಯೇ ರಾಗಿ ಬಂದು ಬಾಗಿಲಿಗೆ ನಿಂತಿತು. ಒಳಗಿರೋದಕ್ಕೆ ಹೊರಗೆ ಬರೋ ದಾರಿ ಇಲ್ಲ, ಹೊರಗಿರೋದಕ್ಕೆ ತನ್ನ ಮನೆ ಬಿಟ್ಟುಕೊಡೋ ಮನಸ್ಸಿಲ್ಲ. ಗೋಡೆಯಲ್ಲಿ ಇನ್ನೊಂದು ತೂತು ಇದ್ದಿದ್ದರೆ ಬೆಲ್ಲ ಅತ್ತ ಕಡೆಯಿಂದ ಹಾರಿ ಮೇಲಿನ ಹಲಗೆಗೆ ಹೋಗ್ತಿತ್ತು, ರಾಗಿ ನಾಲ್ಕು ಸುತ್ತು ಅಟ್ಟಿಸಿ ಸುಮ್ಮನಾಗ್ತಿತ್ತು. ಆ ತೂತು ಕೊರೆಯೋಕೆ ಇವರಿಗೆ ಆಮೇಲೆ ಹಿಡಿದದ್ದು ಹನ್ನೆರಡು ನಿಮಿಷ. ಎಣಿಸಿದ್ದೀನಿ.

ರಾತ್ರಿ ಎರಡೂವರೆಗೆ ಎಚ್ಚರ ಆದದ್ದು ಸದ್ದಿಗೆ. ಬಾತುಕೋಳಿಗೆ ಗಂಟಲು ಕಟ್ಟಿದ ಹಾಗೆ ಕ್ಯಾಕ್ ಕ್ಯಾಕ್ ಅಂತ ಕೂಗು, ಮಧ್ಯೆ ಹಲ್ಲು ಕಟಕಟ. ಬೆಳಕು ಹಾಕಿ ಮನೆ ಎತ್ತಿ ನೋಡಿದರೆ ಬೆಲ್ಲನ ಎಡಗಿವಿ ಹರಿದು ತೂಗ್ತಾ ಇದೆ, ಹಿಂಗಾಲಿನ ಒಂದು ಬೆರಳು ಅರ್ಧ ಇಲ್ಲ. ಬರಿಗೈ ಹಾಕಿದ್ದಕ್ಕೆ ನನ್ನ ಹೆಬ್ಬೆರಳಿಗೂ ಎರಡು ಹೊಲಿಗೆ. (ಬಿಡಿಸೋಕೆ ಕೈ ಹಾಕಬೇಡಿ, ದಪ್ಪ ಟವೆಲ್ ಎಸೆಯಿರಿ.)

ಇಷ್ಟಕ್ಕೇ ಮುಗಿಯಿತು ಅಂದುಕೊಂಡೆ. ಮುಗಿದಿರಲಿಲ್ಲ. ನೋವಿಗೋ ಭಯಕ್ಕೋ ಬೆಲ್ಲ ತಿನ್ನೋದು ನಿಲ್ಲಿಸಿತು. ಹಗಲೂ ರಾತ್ರಿ ಹುಲ್ಲು ಒಳಗೆ ಹೋಗ್ತಾ ಇದ್ದರೇನೇ ಈ ಪ್ರಾಣಿಯ ಕರುಳು ನಡೆಯೋದು. ಒಂದು ದಿನ ನಿಂತರೆ ಕರುಳೂ ನಿಲ್ಲುತ್ತೆ, ಗ್ಯಾಸ್ ತುಂಬುತ್ತೆ, ವಾಂತಿ ಮಾಡೋಕೂ ಅದಕ್ಕೆ ಬರೋದಿಲ್ಲ. ಹಿಕ್ಕೆ ಮೊದಲು ಸಣ್ಣ ಆಯ್ತು, ಆಮೇಲೆ ಇಲ್ಲವೇ ಇಲ್ಲ. ಮೂರನೇ ದಿನ 487 ಗ್ರಾಂ. ಕ್ರಿಟಿಕಲ್ ಕೇರ್ ಅನ್ನೋ ಹುಲ್ಲಿನ ಪುಡಿ ಕಲಸಿ, ಮೂರು ನಾಲ್ಕು ಗಂಟೆಗೊಮ್ಮೆ ಸಿರಿಂಜಿನಲ್ಲಿ ಬಾಯಿಯ ಪಕ್ಕದಿಂದ ತಿನ್ನಿಸಿದೆ, ಹನ್ನೊಂದು ದಿನ. ಬಾಣಂತನದಲ್ಲೂ ನಾನು ಅಷ್ಟು ನಿದ್ದೆಗೆಟ್ಟಿರಲಿಲ್ಲ.

ಮೊದಲ ರಾತ್ರಿ ಮಾಡೋಕೆ ಹೊರಟಿದ್ದ ಇನ್ನೊಂದು ಹುಚ್ಚುತನವನ್ನೂ ಹೇಳಿಬಿಡ್ತೀನಿ. ಮನೆಯಲ್ಲಿ ಮಗನ ಅಮಾಕ್ಸಿಸಿಲಿನ್ ಅನ್ನೋ ಆಂಟಿಬಯೋಟಿಕ್ ಸಿರಪ್ ಉಳಿದಿತ್ತು, ಒಂದೆರಡು ಹನಿ ಹಾಕಿದರೆ ಗಾಯ ಕೀವಾಗಲ್ಲ ಅಂತ ಯೋಚನೆ ಬಂತು. ಪುಣ್ಯಕ್ಕೆ ಫೋನ್ ಮಾಡಿ ಕೇಳಿದೆ. ಅಂಥ ಪೆನಿಸಿಲಿನ್ ಜಾತಿಯ ಔಷಧಿ ಬಾಯಿಗೆ ಹಾಕಿದರೆ ಕರುಳಲ್ಲಿರೋ ಒಳ್ಳೆ ಬ್ಯಾಕ್ಟೀರಿಯಾ ಸತ್ತು, ಪ್ರಾಣಿಯೂ ಸಾಯಬಹುದಂತೆ. ನೀವೂ "ಮನೆಯಲ್ಲಿರೋ ಆಂಟಿಬಯೋಟಿಕ್ ಕೊಡಬಹುದಾ" ಅಂತ ಕೊನೆಯಲ್ಲಿ ಕೇಳಿದ್ದೀರಿ. ಕೊಡಬೇಡಿ. ನಾಯಿ ಬೆಕ್ಕು ಮಾತ್ರ ನೋಡೋ ಡಾಕ್ಟರ ಹತ್ತಿರವೂ ಬೇಡ, ಮೊಲ, ಗಿನಿಪಿಗ್, ಚಿಂಚಿಲಾ ನೋಡಿ ಅಭ್ಯಾಸ ಇರೋರನ್ನೇ ಹುಡುಕಿ.

ಇದೆಲ್ಲ ಅಮ್ಮನ ಹತ್ತಿರ ಅಳ್ತಾ ಹೇಳಿದರೆ ಅವರು ಕೇಳಿದ್ದು ಒಂದೇ. "ಹೊಸ ದನ ತಂದ ದಿನ ಹಳೇ ದನದ ಗೂಟಕ್ಕೇ ಕಟ್ತೀವೇನೇ?" ಇಲ್ಲ. ಕೊಟ್ಟಿಗೆಯ ಆ ತುದಿಗೆ ಕಟ್ತಿದ್ದರು. ಒಂದಕ್ಕೊಂದು ಕಾಣಬೇಕು, ಕೊಂಬು ಮುಟ್ಟಬಾರದು. ಹದಿನೈದು ದಿನ ಒಂದೇ ಮೇವಿನ ವಾಸನೆ ಹಿಡಿದ ಮೇಲೆ ಕಣ್ಣಿ ಸ್ವಲ್ಪ ಸಡಿಲ. ಚಿಕ್ಕಂದಿನಿಂದ ಕಂಡದ್ದು ಎದುರಿಗೆ ಬಂದಾಗ ನೆನಪಾಗಲಿಲ್ಲ ನೋಡಿ.

ಈಗ ನಿಮ್ಮ "ಎಷ್ಟು ದಿನ"ಕ್ಕೆ ಬರ್ತೀನಿ. ದಿನದ ಲೆಕ್ಕ ಹಿಡಿದರೇ ತಪ್ಪು. ಹೊಸದನ್ನು ಒಂದು ತಿಂಗಳು ಬೇರೆ ಕೋಣೆಯಲ್ಲಿಡಿ, ಹುಳುಕಡ್ಡಿ, ಕರುಳಿನ ಜಂತು ಏನಾದರೂ ತಂದಿದ್ದರೆ ಅಷ್ಟರಲ್ಲಿ ತಿಳಿಯುತ್ತೆ. ಆಮೇಲೆ ಕೇಜ್‌ಗಳನ್ನು ಅಕ್ಕಪಕ್ಕ, ಮಧ್ಯೆ ನಾಲ್ಕು ಬೆರಳು ಜಾಗ ಬಿಟ್ಟು. ತೀರಾ ಅಂಟಿಸಿದರೆ ಸರಳಿನ ಸಂದಿಯಿಂದಲೇ ಬೆರಳು ಕಚ್ಚುತ್ತಾವೆ. ಒಂದರ ಧೂಳು ಸ್ನಾನದ ಡಬ್ಬಿ (ಅವು ನೀರಿನ ಬದಲು ನುಣ್ಣನೆ ಧೂಳಲ್ಲಿ ಹೊರಳಿ ಮೈ ಶುಚಿ ಮಾಡಿಕೊಳ್ತಾವೆ) ಇನ್ನೊಂದಕ್ಕೆ, ಇದನ್ನು ಅದರ ಕೇಜಿಗೆ, ಅದನ್ನು ಇದರ ಕೇಜಿಗೆ. ಇಬ್ಬರೂ ಸರಳಿನ ಪಕ್ಕವೇ ಬೆನ್ನು ಕೊಟ್ಟು ಮಲಗೋಕೆ ಶುರು ಮಾಡಿದ ಮೇಲೆ ಬಾತ್‌ರೂಮಿನಂಥ ಯಾರದೂ ಅಲ್ಲದ ಜಾಗದಲ್ಲಿ ಹತ್ತು ನಿಮಿಷ, ನೀವು ಅಲ್ಲೇ ನೆಲದ ಮೇಲೆ ಕೂತು. ಮೇಲೆ ಹತ್ತೋದು, ಸ್ವಲ್ಪ ಅಟ್ಟಿಸೋದು ಪರವಾಗಿಲ್ಲ, ಯಜಮಾನ ಯಾರು ಅಂತ ತೀರ್ಮಾನ ಆಗ್ತಿರುತ್ತೆ. ಹಿಂಗಾಲ ಮೇಲೆ ನಿಂತು ಹಲ್ಲು ಕಡಿದರೆ, ಉಚ್ಚೆ ಚಿಮ್ಮಿಸಿದರೆ ಆ ದಿನಕ್ಕೆ ಸಾಕು. ಇಬ್ಬರನ್ನೂ ಸಣ್ಣ ಕ್ಯಾರಿಯರಿಗೆ ತುರುಕಿ ಕಾರಿನಲ್ಲಿ ಸುತ್ತಿಸಿದರೆ ಭಯಕ್ಕೆ ಅಪ್ಪಿಕೊಳ್ತಾವೆ ಅಂತ ಹೇಳೋರಿದ್ದಾರೆ. ಭಯಕ್ಕೆ ಅಪ್ಪಿಕೊಂಡದ್ದನ್ನು ಸ್ನೇಹ ಅಂತ ನಾನು ಒಪ್ಪೋದಿಲ್ಲ.

"ಕಾಡಲ್ಲಿ ಗುಂಪಾಗೇ ಇರ್ತಾವೆ, ಹಾಗಾಗಿ ಜೋಡಿ ಇಡಲೇಬೇಕು" ಅಂತ ಓದಿದ್ದೀರಿ. ಗುಂಪಲ್ಲಿರೋದು ನಿಜ. ಆದರೆ ಚಿಲಿ ದೇಶದ ಇಯಾಪೆಲ್ ಹತ್ತಿರ ಅವುಗಳಿಗಾಗೇ 1983ರಲ್ಲಿ ಕಾದಿರಿಸಿದ ಗುಡ್ಡಗಳಿವೆ, ಬಂಡೆ ಸಂದಿಗಳೇ ಅವುಗಳ ಮನೆ. ಬೇಡದವರು ಬಂದರೆ ಇನ್ನೊಂದು ಸಂದಿಗೆ ಹೋಗಬಹುದು. ಮೂರಡಿ ಕೇಜ್‌ನಲ್ಲಿ ಎಲ್ಲಿಗೆ ಹೋಗಬೇಕು? ಅಮೆರಿಕದ ಸಾಕು ಚಿಂಚಿಲಾಗಳಲ್ಲಿ ಬಹುಪಾಲಿನ ಮೂಲ ಮಥಾಯಸ್ ಚಾಪ್‌ಮನ್ ಅನ್ನೋ ಗಣಿ ಎಂಜಿನಿಯರ್ 1923ರಲ್ಲಿ ಚಿಲಿಯಿಂದ ಕ್ಯಾಲಿಫೋರ್ನಿಯಾಕ್ಕೆ ತಂದ ಹನ್ನೊಂದು ಪ್ರಾಣಿಗಳು. ಎತ್ತರದ ಬೆಟ್ಟದಿಂದ ಒಮ್ಮೆಲೇ ಇಳಿಸಿದರೆ ತಡೆಯೋಲ್ಲ ಅಂತ ಹಂತ ಹಂತವಾಗಿ ಇಳಿಸೋಕೆ ಆತ ಸುಮಾರು ಒಂದು ವರ್ಷ ತೆಗೆದುಕೊಂಡನಂತೆ. ತುಪ್ಪಳದ ವ್ಯಾಪಾರಕ್ಕೆ ತಂದವನಿಗೇ ಅಷ್ಟು ತಾಳ್ಮೆ ಇತ್ತು.

ಎರಡೂ ಗಂಡು ಅಂತ ಬರೆದಿದ್ದೀರಿ. ನೀವೇ ನೋಡಿದಿರಾ, ಅಂಗಡಿಯವರು ಹೇಳಿದ್ದಾ? ಹೆಣ್ಣಿನ ಮೂತ್ರದ ಭಾಗ ಮೊನಚಾಗಿ ಹೊರಗಿರುತ್ತೆ, ಗಂಡಿನದೇ ಅನ್ನಿಸುತ್ತೆ. ಅದಕ್ಕೂ ಗುದಕ್ಕೂ ನಡುವೆ ಕಾಣೋ ಹಾಗೆ ಬರಿ ಚರ್ಮ ಇದ್ದರೆ ಗಂಡು, ತೀರಾ ಹತ್ತಿರವಿದ್ದರೆ ಹೆಣ್ಣು. ತಪ್ಪಿದರೆ 111 ದಿನಕ್ಕೆ ಮರಿ, ಹೆತ್ತ ಬೆನ್ನಲ್ಲೇ ಮತ್ತೆ ಗರ್ಭ.

ಇನ್ನು ನೀವಿರೋದು ಡಲ್ಲಾಸ್. ಇಬ್ಬರ ಜಗಳಕ್ಕಿಂತ ನಿಮ್ಮೂರಿನ ಸೆಕೆಗೆ ನಾನು ಹೆದರ್ತೀನಿ. ಅವು ಬೆವರೋದಿಲ್ಲ, ಫ್ಯಾನ್ ಹಾಕಿ ಪ್ರಯೋಜನ ಇಲ್ಲ. ಎಸಿ 20 ಡಿಗ್ರಿ ಆಸುಪಾಸು ಇರಲಿ, 25 ದಾಟಿದರೆ ಅಪಾಯ ಶುರು. ಕಿವಿ ಕೆಂಪಗಾಗಿ ಮೈ ಚಾಚಿ ಬಿದ್ದಿದ್ದರೆ ತಡ ಮಾಡದೆ ಡಾಕ್ಟರ ಹತ್ತಿರ ಒಯ್ಯಿರಿ. ಕರೆಂಟ್ ಹೋದಾಗಿನ ಮಟ್ಟಿಗೆ ಅವು ಮೇಲೆ ಮಲಗಿ ತಣ್ಣಗಾಗೋಕೆ ಫ್ರೀಜರಿನಲ್ಲಿ ಒಂದೆರಡು ಗ್ರಾನೈಟ್ ತುಂಡು ಇಟ್ಟಿರಿ. ಒಣದ್ರಾಕ್ಷಿ ಕೊಡ್ತಿದ್ದೀನಿ ಅಂದಿರಲ್ಲ, ನಿಲ್ಲಿಸಿ. ಟಿಮೊತಿ ಅನ್ನೋ ಒಣಹುಲ್ಲು ಯಾವಾಗಲೂ ಇರಬೇಕು, ಪೆಲೆಟ್ (ಒತ್ತಿ ಮಾಡಿದ ಗುಳಿಗೆಯಂಥ ಮೇವು) ದಿನಕ್ಕೆ ಒಂದೆರಡು ಚಮಚ, ಅಷ್ಟೇ. ಸಾಯೋವರೆಗೂ ಹಲ್ಲು ಬೆಳೆಯೋ ಪ್ರಾಣಿ, ಹುಲ್ಲು ಅರೆದರೇನೇ ಅದು ಸವೆಯೋದು. ಗದ್ದ ಒದ್ದೆಯಾಗಿ ಕಂಡರೆ ಹಲ್ಲಿನ ಎಕ್ಸ್‌ರೇ ಮಾಡಿಸಿ.

ನಮ್ಮವು ಒಂದಾದವಾ ಅಂತ ಕೇಳಬಹುದು. ಇಲ್ಲ. ಐದು ತಿಂಗಳು ಬಿಟ್ಟು ಮತ್ತೆ ಶುರು ಮಾಡಿದೆ, ಬಾತ್‌ರೂಮಿನಲ್ಲಿ ಮೂರು ವಾರ ಚೆನ್ನಾಗೇ ಇದ್ದವು, ಒಂದು ಸಂಜೆ ರಾಗಿ ಮತ್ತೆ ಹಿಂಗಾಲ ಮೇಲೆ ನಿಂತಿತು. ಅವತ್ತೇ ಕೈಬಿಟ್ಟೆ. ಒಟ್ಟಿಗೆ ಹುಟ್ಟಿದ ಅಣ್ಣತಮ್ಮಂದಿರು ಜೀವನಪೂರ್ತಿ ಒಂದರ ಮೇಲೊಂದು ಮಲಗೋದನ್ನು ಬೇರೆ ಮನೆಗಳಲ್ಲಿ ಕಂಡಿದ್ದೀನಿ, ನನ್ನವಕ್ಕೆ ಅದು ಆಗಲಿಲ್ಲ. ಎರಡು ಕೇಜ್, ಮಧ್ಯೆ ನಾಲ್ಕು ಬೆರಳು. ಹಾಲ್‌ನಲ್ಲಿ ಆಡೋಕೆ ಏಳಕ್ಕೆ ಒಂದು, ಎಂಟಕ್ಕೆ ಇನ್ನೊಂದು. ಭಾನುವಾರ ಬೆಳಿಗ್ಗೆ ಇಬ್ಬರಿಗೂ ತಕ್ಕಡಿ. ಹರಿದ ಕಿವಿಯ ಬೆಲ್ಲ ಈ ವಾರ 612 ಗ್ರಾಂ.