ಬೇರೆಯವರು ತಮಟೆ ಬಾರಿಸಿದರೆ ಅದು ಸಂಸ್ಕೃತಿಯ ಕಬಳಿಕೆಯೇ?

ಕಾಲೇಜು ಉತ್ಸವದಲ್ಲಿ ಎಲ್ಲ ಜಾತಿಯ ವಿದ್ಯಾರ್ಥಿಗಳೂ ತಮಟೆ ಬಾರಿಸುವುದು ಸರಿಯೇ ಎಂದು ಕೇಳಿದ್ದೀರಿ. ಶ್ರದ್ಧೆಯಿಂದ ಕಲಿತು ಬಾರಿಸುವುದು ಕಬಳಿಕೆಯಲ್ಲ. ಆದರೆ ಕೋಲಾರ, ಚಿಕ್ಕಬಳ್ಳಾಪುರದ ಹಳ್ಳಿಗಳಲ್ಲಿ ಸಾವಿನ ಮನೆಯ ಮುಂದೆಯೂ ಊರ ಜಾತ್ರೆಯಲ್ಲಿಯೂ ತಮಟೆ ಬಾರಿಸುವುದನ್ನು ದಲಿತರ ಮೇಲೆ ಚಾಕರಿಯಾಗಿ ಹೇರಿ, ಅದೇ ಕಾರಣಕ್ಕೆ ಅವರನ್ನು ಕೀಳಾಗಿ ಕಂಡ ಸಮಾಜವು ಇಂದು ಆ ನಾದವನ್ನು ವೇದಿಕೆಗೇರಿಸಿ, ಮೂಲ ಕಲಾವಿದರಿಗೆ ಹೆಸರನ್ನೂ ಸಂಭಾವನೆಯನ್ನೂ ಕೊಡದೆ ಚಪ್ಪಾಳೆ ಪಡೆದರೆ ಅದು ನಿಸ್ಸಂದೇಹವಾಗಿ ಅನ್ಯಾಯ. ತಮಟೆಯನ್ನೇ ಕೆಳಗಿಡುತ್ತೇವೆ ಎನ್ನುವ ದಲಿತ ಯುವಕರೂ ಇದ್ದಾರೆ. ಅವರ ಮಾತನ್ನೂ ಗೌರವಿಸಬೇಕು. ಚಿಂತಾಮಣಿ ತಾಲ್ಲೂಕಿನ ಪಿಂಡಿಪಾಪನಹಳ್ಳಿಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಸಂದದ್ದು ನನಗೆ ಬಹಳ ಮುಖ್ಯವೆನಿಸುತ್ತದೆ, ಏಕೆಂದರೆ ಅಲ್ಲಿ ಗೌರವ ದೊರೆತದ್ದು ವಾದ್ಯಕ್ಕಷ್ಟೇ ಅಲ್ಲ, ಬಾರಿಸಿದ ವ್ಯಕ್ತಿಗೆ. ನಿಮ್ಮ ಕಾಲೇಜಿನವರೂ ಸ್ಥಳೀಯ ತಂಡದವರನ್ನೇ ಗುರುಗಳಾಗಿ ಕರೆಸಿ, ತಕ್ಕ ಸಂಭಾವನೆ ನೀಡಿ, ವೇದಿಕೆಯಲ್ಲಿ ಮುಂದೆ ನಿಲ್ಲಿಸಲಿ.